ಪ್ರಯಾರಿಟಿ ಬೋರ್ಡಿಂಗ್ ಬಿಡಿ, ಯಾವ ಬ್ಯಾಗಿಗೆ ಟ್ಯಾಗ್ ಕಟ್ಟುತ್ತೀರಿ ಅದನ್ನು ನೋಡಿ

ಬೆಂಗಳೂರಿನಿಂದ ರಾತ್ರಿ ವಿಮಾನ, ಬೆಳಿಗ್ಗೆ ಸಿಂಗಪುರ, ಅದೇ ದಿನ ಕ್ರೂಸ್ ಹಡಗು, ಜೊತೆಗೆ ವಯಸ್ಸಾದ ಅಪ್ಪ ಅಮ್ಮ. ಬೋರ್ಡಿಂಗಿಗೆ ಗಂಟೆಗಟ್ಟಲೆ ಕಾಯಿಸುತ್ತಾರಂತೆ, ಕಸ್ಟಮರ್ ಕೇರ್‌ನವರು ಕೈಗೇ ಸಿಗಲ್ಲವಂತೆ, ಪ್ರಯಾರಿಟಿ ಬೋರ್ಡಿಂಗಿಗೆ ದುಡ್ಡು ಕಟ್ಟೋದು ವಾಸಿಯಾ, ಎಷ್ಟು ಬೇಗ ಹೋಗಬೇಕು ಅಂತ ಕೇಳಿದ್ದೀರಿ. ಓದುತ್ತಾ ನಮ್ಮದೇ ಟಿಕೆಟ್ ನೋಡಿದ ಹಾಗಾಯಿತು.

ನಾವು ದೇವನಹಳ್ಳಿಯಿಂದ ಹೊರಟಿದ್ದು ರಾತ್ರಿ ಹನ್ನೊಂದರ ಸುಮಾರಿಗೆ. ಹಾರಾಟ ನಾಲ್ಕೂವರೆ ಗಂಟೆ, ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಇಳಿದಾಗ ಬೆಳಗಿನ ಆರು. ನಮ್ಮ ಚೆಕ್-ಇನ್ ಸ್ಲಾಟ್ ಇದ್ದದ್ದು ಮಧ್ಯಾಹ್ನ ಒಂದೂವರೆಗೆ. ಒಂದು ರಾತ್ರಿಯ ಹೋಟೆಲ್ ದುಡ್ಡು ಉಳಿಸಿದ್ದರಿಂದ ಕೂರಲು ಜಾಗವಿಲ್ಲ. ಹತ್ತೂವರೆಗೆಲ್ಲ ಟ್ಯಾಕ್ಸಿ ಹಿಡಿದು ಮರೀನಾ ಬೇ ಕ್ರೂಸ್ ಸೆಂಟರ್ ಮುಂದೆ ಇದ್ದೆವು. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಮೊದಲು ಹೋದವರಿಗೆ ಸೀಟು ಸಿಗುತ್ತದಲ್ಲ, ಹಡಗಿಗೂ ಹಾಗೇ ಅಂದುಕೊಂಡಿದ್ದೆವು.

ಆದರೆ ನಮಗೆ ಮುಳುವಾದ ತಪ್ಪು ಇದಲ್ಲ. ಅದು ನಡೆದದ್ದು ಮೂರು ದಿನ ಮುಂಚೆ, ಬಸವನಗುಡಿಯ ಮನೆಯ ಊಟದ ಮೇಜಿನ ಮೇಲೆ. ಆನ್‌ಲೈನ್ ಚೆಕ್-ಇನ್ ಮುಗಿಸಿದರೆ ಲಗೇಜ್ ಟ್ಯಾಗ್ ಬರುತ್ತದೆ. ಎ4 ಹಾಳೆಯಲ್ಲಿ ಕಲರ್ ಪ್ರಿಂಟ್ ತೆಗೆದು, ಗೆರೆ ಇರುವ ಕಡೆ ಮಡಚಿ, ಬ್ಯಾಗಿನ ಹಿಡಿಗೆ ಸುತ್ತಿ ಸ್ಟೇಪಲ್ ಹೊಡೆಯಬೇಕು. ಹೆಸರು, ಹಡಗು, ತಾರೀಖು, ಕ್ಯಾಬಿನ್ ನಂಬರ್ ಎಲ್ಲ ಅದರ ಮೇಲೆಯೇ ಇರುತ್ತದೆ. ನಮ್ಮ ಹತ್ತಿರ ಮೂರು ದೊಡ್ಡ ಸೂಟ್‌ಕೇಸು, ಒಂದು ಸಣ್ಣ ನೀಲಿ ಟ್ರಾಲಿ. ನಾನು ನಾಲ್ಕು ಹಾಳೆ ಪ್ರಿಂಟ್ ತೆಗೆದು ನಾಲ್ಕಕ್ಕೂ ಕಟ್ಟಿಬಿಟ್ಟೆ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಶನ್ ದಾಟಿದ ಮೇಲೆ ಮೂವರ ಪಾಸ್‌ಪೋರ್ಟು, ಅಮ್ಮನ ಶುಗರ್ ಮಾತ್ರೆಯ ಡಬ್ಬಿ ಎಲ್ಲವನ್ನೂ ಆ ನೀಲಿ ಟ್ರಾಲಿಯ ಮುಂದಿನ ಜಿಪ್ಪಿನೊಳಗೆ ಇಟ್ಟೆ. ವಿಮಾನದಲ್ಲಿ ನಮ್ಮ ತಲೆಯ ಮೇಲೇ ಇದ್ದ ಬ್ಯಾಗು, ಇನ್ನು ಮುಂದೆಯೂ ಕೈಯಲ್ಲೇ ಇರುತ್ತದೆ ಅನ್ನುವ ಧೈರ್ಯ.

ಟರ್ಮಿನಲ್ ಮುಂದೆ ಟ್ಯಾಕ್ಸಿ ನಿಂತ ಕೂಡಲೇ ಪೋರ್ಟರ್‌ಗಳು ಬರುತ್ತಾರೆ. ಡಿಕ್ಕಿ ತೆಗೆದು, ಟ್ಯಾಗ್ ಕಟ್ಟಿರುವುದನ್ನೆಲ್ಲ ಎತ್ತಿ, ಕಬ್ಬಿಣದ ಜಾಲರಿಯ ಗಾಡಿಗೆ ತುಂಬುತ್ತಾರೆ. ನಾನು ಟ್ಯಾಕ್ಸಿಯವನಿಗೆ ದುಡ್ಡು ಕೊಟ್ಟು ತಿರುಗುವಷ್ಟರಲ್ಲಿ ಡಿಕ್ಕಿ ಖಾಲಿ. ಅಮ್ಮನ ಕೈಯಲ್ಲಿ ವ್ಯಾನಿಟಿ ಬ್ಯಾಗು, ಅಪ್ಪನ ಕೈಯಲ್ಲಿ ನೀರಿನ ಬಾಟಲು, ಅಷ್ಟೇ ಉಳಿದದ್ದು.

ಇದನ್ನು ಮರೆವು ಅಂತ ಕರೆದು ಸುಮ್ಮನಾದರೆ ನಿಮಗೂ ಹೀಗೇ ಆಗುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಪೋರ್ಟರ್ ಬ್ಯಾಗಿನ ಗಾತ್ರ ನೋಡುವುದಿಲ್ಲ, ಒಳಗೇನಿದೆ ಅಂತ ಕೇಳುವುದಿಲ್ಲ. ಅವನಿಗೆ ಆ ಕಾಗದದ ಪಟ್ಟಿಯೇ ಆರ್ಡರ್: ಇದನ್ನು ಈ ಕ್ಯಾಬಿನ್‌ಗೆ ಸಾಗಿಸು. ಪಾಸ್‌ಪೋರ್ಟ್ ಜಿಪ್ಪಿನಲ್ಲಿದೆ ಅನ್ನೋದು ನನಗೆ ನೆನಪಿದ್ದರೂ ಆ ಅರ್ಧ ನಿಮಿಷದಲ್ಲಿ ನಾನು ದುಡ್ಡು ಎಣಿಸುತ್ತಿದ್ದೆ. ನೀಲಿ ಟ್ರಾಲಿಗೆ ಟ್ಯಾಗ್ ಕಟ್ಟದೆ ಇದ್ದಿದ್ದರೆ ನಾನು ಎಷ್ಟೇ ಮೈಮರೆತರೂ ಅದು ಅಲ್ಲೇ ಉಳಿಯುತ್ತಿತ್ತು. ಜಾಲರಿ ಗಾಡಿ ಅಲ್ಲಿಂದ ಎಕ್ಸ್‌ರೇಗೆ ಹೋಗುತ್ತದೆ, ಫೋರ್ಕ್‌ಲಿಫ್ಟ್ ಅದನ್ನು ಹಡಗಿನ ಪಕ್ಕದ ಬಾಗಿಲಿಗೆ ಒಯ್ಯುತ್ತದೆ, ಒಳಗೆ ಡೆಕ್ ಪ್ರಕಾರ ವಿಂಗಡಿಸಿ ಕ್ಯಾಬಿನ್ ಮುಂದೆ ಇಡುತ್ತಾರೆ. ಕೆಲವು ಬ್ಯಾಗು ರಾತ್ರಿ ಊಟದ ಹೊತ್ತಿಗೆ ಸಿಗುತ್ತದೆ. ಆ ದಾರಿ ಪೂರ್ತಿ ಒನ್ ವೇ. ಒಂದು ಬ್ಯಾಗನ್ನು ವಾಪಸ್ ತರಬೇಕೆಂದರೆ ಯಾರಾದರೂ ಗಾಡಿ ಗಾಡಿ ಇಳಿಸಿ ಹುಡುಕಬೇಕು.

ಕೌಂಟರ್‌ನವರು ಪಾಸ್‌ಪೋರ್ಟ್ ಇಲ್ಲದೆ ಏನೂ ಆಗದು, ಲಗೇಜಿನವರನ್ನು ಕೇಳಿ ಅಂದರು. ಲಗೇಜಿನವರು ಕಂಪನಿಯನ್ನು ಕೇಳಿ ಅಂದರು. ಕಂಪನಿಯ ಇಂಡಿಯಾ ನಂಬರಿಗೆ ಫೋನ್ ಮಾಡಿದೆ. ಮೂವತ್ತೈದು ನಿಮಿಷ ಕಾಯಿಸಿ, ದೂರು ದಾಖಲಾಗಿದೆ, 48 ಗಂಟೆಯಲ್ಲಿ ಉತ್ತರ ಬರುತ್ತದೆ ಅಂದರು. ಹಡಗು ಹೊರಡಲು ಉಳಿದದ್ದು ಐದು ಗಂಟೆ. ಇಲ್ಲಿ ನೀವು ತಿಳಿಯಬೇಕಾದದ್ದು ಇಷ್ಟು: ಕಾಲ್ ಸೆಂಟರ್‌ನವರ ಮುಂದೆ ಇರುವುದು ಬುಕಿಂಗ್ ಸ್ಕ್ರೀನ್. ಬಂದರಿನಲ್ಲಿ ಏನು ನಡೆಯುತ್ತಿದೆ ಅನ್ನೋದು ಅವರಿಗೆ ಕಾಣುವುದೇ ಇಲ್ಲ, ಬೋರ್ಡಿಂಗ್ ದಿನ ಅವರ ಕೈಯಲ್ಲಿ ಯಾವ ಅಧಿಕಾರವೂ ಇರುವುದಿಲ್ಲ. ಅಧಿಕಾರ ಇರುವುದು ಟರ್ಮಿನಲ್ ಹಾಲ್‌ನಲ್ಲಿ ವಾಕಿ-ಟಾಕಿ ಹಿಡಿದು ಓಡಾಡುವ, ಜನರನ್ನು ಹಡಗಿಗೆ ಹತ್ತಿಸುವ ಕೆಲಸ ನೋಡಿಕೊಳ್ಳುವ ಎಂಬಾರ್ಕೇಶನ್ ಸೂಪರ್‌ವೈಸರ್‌ಗೆ. ಹಡಗಿನ ಜೊತೆ ಮಾತಾಡುವುದೂ ಅವರೇ, ಲಗೇಜ್ ಶೆಡ್ಡಿನ ಜೊತೆ ಮಾತಾಡುವುದೂ ಅವರೇ. ನನಗೆ ಇದು ಹೊಳೆಯುವಷ್ಟರಲ್ಲಿ ಒಂದು ಗಂಟೆ ಹೋಗಿತ್ತು. ಅವರು ಕೇಳಿದ್ದು ನಾಲ್ಕೇ ವಿಷಯ: ಕ್ಯಾಬಿನ್ ನಂಬರ್, ಬ್ಯಾಗಿನ ಬಣ್ಣ ಮತ್ತು ಅಳತೆ, ಯಾವ ಬಾಗಿಲಲ್ಲಿ ಎಷ್ಟು ಹೊತ್ತಿಗೆ ಕೊಟ್ಟಿರಿ, ಫೋಟೋ ಇದೆಯಾ. ಫೋಟೋ ಇರಲಿಲ್ಲ. ನೀಲಿ ಟ್ರಾಲಿ ಅಂದರೆ ಅಲ್ಲಿ ನೂರಾರು. ಸಿಕ್ಕಿದಾಗ ಮೂರು ಗಂಟೆಗೆ ಹತ್ತು ನಿಮಿಷ ಬಾಕಿ. ಅಷ್ಟರಲ್ಲಿ ಅಮ್ಮನ ಕೈ ನಡುಗುತ್ತಿತ್ತು, ಪಕ್ಕದ ಕುರ್ಚಿಯ ತಮಿಳು ಅಜ್ಜಿಯೊಬ್ಬರು ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಕೊಟ್ಟರು.

ಈಗ ನಿಮ್ಮ ಪ್ರಶ್ನೆಗೆ. ಪ್ರಯಾರಿಟಿ ಬೋರ್ಡಿಂಗಿಗೆ ದುಡ್ಡು ಕಟ್ಟಬೇಡಿ. ಅದು ಮುಂದಕ್ಕೆ ತಳ್ಳುವುದು ಕಂಪನಿಯ ಸಾಲುಗಳಲ್ಲಿ ಮಾತ್ರ, ತಡ ಆಗುವುದು ಬೇರೆ ಕಡೆ. ನೀವು ಹತ್ತುವ ಹಡಗು ಅದೇ ದಿನ ಬೆಳಿಗ್ಗೆ ಬೇರೆ ಎರಡು ಮೂರು ಸಾವಿರ ಜನರನ್ನು ಹೊತ್ತು ಬಂದಿರುತ್ತದೆ. ಅವರು ಇಳಿಯಬೇಕು, ಅವರ ಸಾಮಾನು ಇಳಿಯಬೇಕು, ಕ್ಯಾಬಿನ್ ತೊಳೆಯಬೇಕು, ದಿನಸಿ ಏರಬೇಕು, ಅಧಿಕಾರಿಗಳ ತಪಾಸಣೆ ಮುಗಿಯಬೇಕು. ಹಿಂದಿನ ಪ್ರವಾಸದಲ್ಲಿ ವಾಂತಿ ಭೇದಿ ಹರಡಿದ್ದರೆ ಇಡೀ ಹಡಗಿಗೆ ಔಷಧಿ ಹೊಡೆದು ಒರೆಸಿದ ಮೇಲೇ ಹೊಸಬರನ್ನು ಬಿಡುತ್ತಾರೆ. ಹವಾಮಾನದಿಂದ ಹಡಗು ಒಂದು ಗಂಟೆ ತಡವಾಗಿ ಬಂದರೆ ಮುಂದಿನದ್ದೆಲ್ಲ ತಳ್ಳಿಹೋಗುತ್ತದೆ. ಹಡಗೇ ತಯಾರಿಲ್ಲದಿದ್ದಾಗ ಪ್ರಯಾರಿಟಿಯವರು ಪ್ರಯಾರಿಟಿ ಕುರ್ಚಿಯಲ್ಲಿ ಕಾಯುತ್ತಾರೆ. ಇಮಿಗ್ರೇಶನ್ ಸರ್ಕಾರದ್ದು, ಅಲ್ಲಿ ಕಂಪನಿಯ ಚೀಟಿ ನಡೆಯುವುದಿಲ್ಲ. ನಮ್ಮ ದಿನ ಹಡಗೂ ಎರಡು ಗಂಟೆ ತಡ ಆಗಿತ್ತು, ಹಾಗಾಗಿಯೇ ನಾವು ಹಡಗು ತಪ್ಪಿಸಿಕೊಳ್ಳಲಿಲ್ಲ.

ಆ ದುಡ್ಡಿಗೆ ಹಿಂದಿನ ದಿನವೇ ಹೋಗಿ ಒಂದು ರಾತ್ರಿ ಹೋಟೆಲ್ ಹಿಡಿಯಿರಿ. ವಯಸ್ಸಾದವರಿಗೆ ಇದಕ್ಕಿಂತ ದೊಡ್ಡ ಪ್ರಯಾರಿಟಿ ಇಲ್ಲ. ವಿಮಾನ ನಾಲ್ಕು ಗಂಟೆ ತಡವಾದರೂ ಉಸಿರು ಕಟ್ಟುವುದಿಲ್ಲ. ಹಡಗು ಹೊರಡುವ ಸಮಯಕ್ಕೆ ಒಂದು ಒಂದೂವರೆ ಗಂಟೆ ಮೊದಲೇ ಬೋರ್ಡಿಂಗ್ ಮುಚ್ಚುತ್ತಾರೆ, ಟಿಕೆಟ್ಟಿನಲ್ಲಿ ಆ ಸಮಯವನ್ನು ಹುಡುಕಿ ಗುರುತು ಹಾಕಿಕೊಳ್ಳಿ. ಎಷ್ಟು ಬೇಗ ಹೋಗಬೇಕು ಅಂದಿರಲ್ಲ, ಬೇಗ ಹೋಗಲೇಬೇಡಿ. ಸ್ಲಾಟ್ ಒಂದೂವರೆಗೆ ಇದ್ದರೆ ಒಂದೂಕಾಲಿಗೆ ಇಳಿಯಿರಿ. ಹತ್ತೂವರೆಗೆ ಬಂದು ಹಾಲ್ ತುಂಬಿಸಿದವರಲ್ಲಿ ನಾವೂ ಇದ್ದೆವು, ಕುರ್ಚಿ ಸಿಗದೆ ಅಪ್ಪ ಗೋಡೆಗೊರಗಿ ನಿಂತಿದ್ದರು. ಮಂಡಿ ನೋವಿನವರಿದ್ದರೆ ವೀಲ್‌ಚೇರ್ ಸಹಾಯವನ್ನು ಬುಕಿಂಗ್‌ನಲ್ಲೇ ಬರೆಸಿ. ಕೂರುವ ಜಾಗ ಅದರಿಂದ ಖಾತ್ರಿ.

ಇನ್ನೊಂದು, ಸಿಂಗಪುರದಲ್ಲಿ ಕ್ರೂಸ್ ಟರ್ಮಿನಲ್ ಎರಡು. ಮರೀನಾ ಬೇ ಕ್ರೂಸ್ ಸೆಂಟರ್ ಒಂದು, ಅದಕ್ಕೆ ಹತ್ತಿರದ ಮೆಟ್ರೋ ಮರೀನಾ ಸೌತ್ ಪಿಯರ್. ಹಾರ್ಬರ್‌ಫ್ರಂಟ್‌ನಲ್ಲಿರುವ ಸಿಂಗಪುರ ಕ್ರೂಸ್ ಸೆಂಟರ್ ಇನ್ನೊಂದು. ಟ್ಯಾಕ್ಸಿಯವರಿಗೆ ಬರೀ ಕ್ರೂಸ್ ಸೆಂಟರ್ ಅಂದರೆ ಸಾಲದು.

ಕೈಯಲ್ಲೇ ಇರಬೇಕಾದ ಒಂದು ಬ್ಯಾಗು, ಅದಕ್ಕೆ ಟ್ಯಾಗ್ ಇಲ್ಲ. ಅದರಲ್ಲಿ ಪಾಸ್‌ಪೋರ್ಟು, ವೀಸಾ ಪ್ರಿಂಟು, ಎರಡು ದಿನದ ಮಾತ್ರೆ ಡಾಕ್ಟರ್ ಚೀಟಿ ಸಮೇತ, ಇನ್ಸುಲಿನ್ ಇದ್ದರೆ ಅದೂ, ಚಾರ್ಜರ್, ಅಮ್ಮನಿಗೊಂದು ಸ್ವೆಟರ್ (ಹಾಲ್‌ನ ಏಸಿ ಚಳಿ ಹಿಡಿಸುತ್ತದೆ), ಸೀಲ್ ಒಡೆಯದ ಬಿಸ್ಕತ್ತು. ಉಳಿದ ಪ್ರತಿ ಬ್ಯಾಗನ್ನೂ ಟ್ಯಾಗ್ ಓದುವ ಹಾಗೆ ಫೋಟೋ ತೆಗೆಯಿರಿ. ಟ್ಯಾಗಿನ ಮೇಲೆ ಪಾರದರ್ಶಕ ಟೇಪ್ ಅಂಟಿಸಿ, ಮಳೆಗೆ ಕಾಗದ ಹರಿಯುತ್ತದೆ. ನಮ್ಮವರು ಅನ್ನ ಮಾಡಿಕೊಳ್ಳಲು ಸಣ್ಣ ಎಲೆಕ್ಟ್ರಿಕ್ ಕುಕ್ಕರ್, ಸೀರೆಗೆ ಇಸ್ತ್ರಿ ಪೆಟ್ಟಿಗೆ ಹಾಕಿಕೊಳ್ಳುತ್ತಾರೆ. ಬೆಂಕಿಯ ಭಯಕ್ಕೆ ಎರಡೂ ನಿಷಿದ್ಧ. ಎಕ್ಸ್‌ರೇಯಲ್ಲಿ ಕಂಡರೆ ಇಡೀ ಸೂಟ್‌ಕೇಸನ್ನೇ ತಡೆದಿಡುತ್ತಾರೆ, ನೀವೇ ಹೋಗಿ ಬಿಡಿಸಿಕೊಳ್ಳಬೇಕು.

ಲೇಟಾಗಿ ಹತ್ತಿದರೂ ಮಸ್ಟರ್ ಡ್ರಿಲ್, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ಕಲಿಸುವ ಸುರಕ್ಷತಾ ಅಭ್ಯಾಸ, ತಪ್ಪುವುದಿಲ್ಲ, ತಪ್ಪಿಸಿಕೊಳ್ಳಲೂಬೇಡಿ. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದಾಗ ಅದೇ ದಿನ ಹತ್ತಿದ್ದವರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಈಗ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಮಾಡಿಸಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ. ಲೇಟಾಗಿ ಹತ್ತಿದರೆ ಊಟಕ್ಕೂ ಮೊದಲು ಡ್ರಿಲ್ಲಿಗೇ ಹೋಗಬೇಕಾಗಬಹುದು, ಅದಕ್ಕೇ ಕಾಯುವ ಹಾಲ್‌ನಲ್ಲೇ ಅಪ್ಪ ಅಮ್ಮನ ಹೊಟ್ಟೆಗೆ ಏನಾದರೂ ಬಿದ್ದಿರಲಿ.

ದೂರಿನ ವಿಷಯ. ವಿಮಾನ ತಡವಾದರೆ ಅನ್ವಯಿಸುವ, ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮ ಹಡಗಿಗಿಲ್ಲ. ತೊಂಬತ್ತು ನಿಮಿಷ ಮೀರಿದರೆ ತಿಂಡಿ ಕೊಡಬೇಕು ಅಂತ ಯಾರಾದರೂ ಹೇಳಿದರೆ, ಅದು ಯುರೋಪಿಯನ್ ಒಕ್ಕೂಟದ 1177/2010 ನಿಯಮ, ಅಲ್ಲಿನ ಬಂದರಿನಿಂದ ಹತ್ತುವವರಿಗೆ. ಸಮಯ ಬದಲಿಸುವ ಹಕ್ಕನ್ನು ಕಂಪನಿ ಟಿಕೆಟ್ ಕರಾರಿನಲ್ಲೇ ಬರೆದುಕೊಂಡಿರುತ್ತದೆ, ಆದ್ದರಿಂದ ಬರೀ ಎರಡು ಗಂಟೆ ಕಾಯಿಸಿದರು ಅನ್ನುವ ದೂರಿಗೆ ಬಲ ಕಡಿಮೆ. ಒಂದು ರಾತ್ರಿ ಕಳೆದುಹೋಯಿತು, ದುಡ್ಡು ಕಟ್ಟಿದ್ದ ಊರು ಸುತ್ತುವ ಕಾರ್ಯಕ್ರಮ ರದ್ದಾಯಿತು, ಕಾಯಿಲೆಯವರಿಗೆ ನೀರೂ ಕೊಡಲಿಲ್ಲ, ಸುಳ್ಳು ಸಮಯ ಹೇಳಿದರು, ಇವುಗಳಿಗೆ ಬಲವಿದೆ. ಆದರೆ ಬರವಣಿಗೆ ಬೇಕು. ಹಾಲ್‌ನ ಡಿಸ್‌ಪ್ಲೇ ಬೋರ್ಡಿನ ಫೋಟೋ, ಬಂದ ಮೆಸೇಜುಗಳ ಸ್ಕ್ರೀನ್‌ಶಾಟ್, ಖರ್ಚಿನ ಬಿಲ್ಲು. ಹತ್ತಿದ ಸಂಜೆಯೇ ಗೆಸ್ಟ್ ಸರ್ವಿಸಸ್ ಡೆಸ್ಕಿನಲ್ಲಿ ಲಿಖಿತವಾಗಿ ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಹಡಗಿನಲ್ಲಿ ಖರ್ಚು ಮಾಡಲು ಕ್ರೆಡಿಟ್ ಕೊಟ್ಟು ಸಹಿ ಕೇಳಿದರೆ, ಅದರಲ್ಲಿ ಪೂರ್ಣ ಪರಿಹಾರ ಅನ್ನುವ ಸಾಲು ಇದೆಯಾ ಓದಿ. ನಾನು ಓದದೆ ಸಹಿ ಮಾಡಿದೆ, ಆಮೇಲೆ ಕಳಿಸಿದ ಈಮೇಲಿಗೆಲ್ಲ ಆ ಕಾಗದವನ್ನೇ ತಿರುಗಿಸಿ ತೋರಿಸಿದರು.

ಊರಿಗೆ ಬಂದ ಮೇಲೆ ಮೊದಲು ಬಿಲ್ಲು ಯಾರ ಹೆಸರಿನಲ್ಲಿದೆ ನೋಡಿ. ಜಯನಗರದ ಏಜೆಂಟ್ ಬಿಲ್ಲು ಕೊಟ್ಟಿದ್ದರೆ ಅವರಿಗೂ ಕಂಪನಿಗೂ ಒಟ್ಟಿಗೆ ಬರೆಯಿರಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಊರಿನಲ್ಲೇ ಹಾಕಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಘಟನೆ ನಡೆದು ಎರಡು ವರ್ಷದೊಳಗೆ ಹಾಕಬೇಕು, ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಇದೆಲ್ಲಕ್ಕಿಂತ ಮೊದಲು ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಹಡಗು ಸಿಂಗಪುರ ಬಿಟ್ಟು ಹೊರದೇಶದ ಬಂದರಿಗೆ ಹೋಗಿ ವಾಪಸ್ ಬರುತ್ತದೆ, ಅಂದರೆ ನೀವು ಸಿಂಗಪುರ ಪ್ರವೇಶಿಸುವುದು ಎರಡು ಸಲ. ಮೂವರ ವೀಸಾ ಹಾಳೆಯನ್ನೂ ತೆಗೆದು ಮಲ್ಟಿಪಲ್ ಅಂತ ಇದೆಯಾ ನೋಡಿ. ಸಿಂಗಲ್ ಇದ್ದರೆ ಏಜೆಂಟಿಗೆ ಈಗಲೇ ಫೋನ್ ಮಾಡಿ, ಕೌಂಟರಿನಲ್ಲಿ ಅದಕ್ಕೆ ಯಾವ ಸೂಪರ್‌ವೈಸರ್ ಹತ್ತಿರವೂ ದಾರಿ ಇಲ್ಲ. ಸಿಂಗಪುರ ಪ್ರವೇಶಿಸುವವರು ಆನ್‌ಲೈನಿನಲ್ಲಿ ತುಂಬಬೇಕಾದ ಎಸ್‌ಜಿ ಅರೈವಲ್ ಕಾರ್ಡನ್ನು ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಸರ್ಕಾರದ ವೆಬ್‌ಸೈಟಿನಲ್ಲೇ ತುಂಬಿ, ಅದು ಉಚಿತ, ದುಡ್ಡು ಕೇಳುವ ಸೈಟು ಕಂಡರೆ ಮುಚ್ಚಿಬಿಡಿ. ಹಡಗಿನಿಂದ ವಾಪಸ್ ಬರುವಾಗ ಅದನ್ನು ಮತ್ತೊಮ್ಮೆ ತುಂಬಬೇಕು. ಸಮುದ್ರದ ಮಧ್ಯೆ ಇಂಟರ್‌ನೆಟ್ ದುಬಾರಿ, ಕೊನೆಯ ಬಂದರಿನಲ್ಲಿ ಸಿಗ್ನಲ್ ಇರುವಾಗಲೇ ಮುಗಿಸಿಕೊಳ್ಳಿ.