ಮಿನಾರು ಇಲ್ಲದ ಮಸೀದಿ

ಕೇರಳದ ಕೋಳಿಕ್ಕೋಡಿಗೆ ಹೋಗಿಬಂದ ಸುರಪುರದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: ‘ಅಲ್ಲಿನ ಕುಟ್ಟಿಚಿರ ಕೆರೆಯ ಪಕ್ಕದ ಮಿಷ್ಕಾಲ್ ಮಸೀದಿಗೆ ಗುಮ್ಮಟವೂ ಇಲ್ಲ, ಮಿನಾರೂ ಇಲ್ಲ. ಮರದ ಮಜಲುಗಳ ಮೇಲೆ ಇಳಿಜಾರು ಮಾಡು ಇದೆ. ಅದು ಮೊದಲು ದೇವಾಲಯವೇ ಆಗಿದ್ದಿರಬೇಕಲ್ಲವೇ?’

ಕಟ್ಟಡಗಳು ಕೈ ಬದಲಾಯಿಸಿದ್ದುಂಟು, ಆದ್ದರಿಂದ ತಮ್ಮ ಪ್ರಶ್ನೆ ಅನುಚಿತವಲ್ಲ. ಆದರೆ ಮಾಡನ್ನು ನೋಡಿ ಮತವನ್ನು ನಿರ್ಧರಿಸುವ ಅವಸರವನ್ನು ನಾನು ಒಪ್ಪಲಾರೆ. ವರ್ಷಕ್ಕೆ ಸುಮಾರು ಮೂರು ಮೀಟರ್ ಮಳೆ ಸುರಿಯುವ ಆ ಊರಿನಲ್ಲಿ ನಮ್ಮ ಕಡೆಯ ಮಣ್ಣಿನ ಮಾಳಿಗೆ ಒಂದು ಆಷಾಢವನ್ನೂ ದಾಟಲಾರದು. ಅಲ್ಲಿನ ಬಡಗಿಗೆ ತಿಳಿದಿದ್ದದ್ದು ಮರ ಮತ್ತು ಇಳಿಜಾರು. ಯಾರು ಕಟ್ಟಿಸಿದರೂ ಅವನು ಅದನ್ನೇ ಕಟ್ಟುತ್ತಿದ್ದ. 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮಾಡು ಇಳಿಜಾರಾಗಿರುವುದೂ ಮಳೆಯ ಕಾರಣದಿಂದಲೇ.

ಈ ಮಸೀದಿಯನ್ನು ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿಸಿದವನು ನಖೂದಾ ಮಿಷ್ಕಾಲ್ ಎಂಬ ವರ್ತಕ. ನಖೂದಾ ಎಂದರೆ ಹಡಗಿನ ಒಡೆಯ. 1510ರಲ್ಲಿ ಪೋರ್ಚುಗೀಸರು ಅದಕ್ಕೆ ಬೆಂಕಿ ಹಚ್ಚಿದರು. 1571ರಲ್ಲಿ ಕೋಳಿಕ್ಕೋಡಿನ ಅರಸ ಸಾಮೂದಿರಿಯ ಸೈನ್ಯ ಹತ್ತಿರದ ಚಾಲಿಯಂನ ಪೋರ್ಚುಗೀಸ್ ಕೋಟೆಯನ್ನು ಗೆದ್ದು ಕೆಡವಿತು, ಅದರ ಮರಮಟ್ಟು ಮಸೀದಿಯ ದುರಸ್ತಿಗೆ ಬಂದಿತೆಂಬ ಮಾತು ಅಲ್ಲಿ ಈಗಲೂ ಇದೆ. ಹಿಂದೂ ಅರಸನ ಗೆಲುವಿನ ತೊಲೆಗಳು ಮಸೀದಿಯ ಮಾಡನ್ನು ಹೊತ್ತ ಈ ಕಥೆಯನ್ನು ತಾವು ಅಲ್ಲಿ ಯಾರನ್ನೂ ಕೇಳದೆ ಹಿಂದಿರುಗಿದ್ದೀರಿ ಎಂಬುದಷ್ಟೇ ನನ್ನ ಬೇಸರ.

ಇನ್ನು ಮಿನಾರಿನ ಮಾತು. ನಮ್ಮ ಕಲಬುರಗಿ ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಗೂ ಮಿನಾರಿಲ್ಲ. ಬಯಲಂಗಳವೂ ಇಲ್ಲದೆ, ಇಡೀ ಕಟ್ಟಡ ಸೂರಿನಡಿಯಲ್ಲಿದೆ. ಏಪ್ರಿಲ್ ಬಿಸಿಲಿನಲ್ಲಿ ಒಳಗೆ ಕಾಲಿಟ್ಟವರಿಗೆ ಆ ಸೂರಿನ ಬೆಲೆ ತಿಳಿಯುತ್ತದೆ. ಹೊರ ಊರಿನ ಅತಿಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ‘ಇದು ಸ್ಪೇನಿನ ಕಾರ್ಡೊಬಾದ ಮಸೀದಿಯಂತಿದೆ’ ಎಂಬ ಒಂದೇ ಮೆಚ್ಚುಗೆ ನನ್ನ ಕಿವಿಗೆ ಬೀಳುತ್ತದೆ. ಸಾವಿರಾರು ಮೈಲಿ ದೂರದ ಊರಿನ ಹೆಸರು ಹೇಳದಿದ್ದರೆ ನಮ್ಮ ಕಲ್ಲಿಗೆ ಗೌರವವೇ ಇಲ್ಲವೇ? ಶಾಸನ ಇರಾನಿನ ಕಜ್ವೀನಿನ ರಫೀ ಎಂಬ ನಿರ್ಮಾಪಕನ ಹೆಸರನ್ನು ಉಳಿಸಿದೆ. ಕಲ್ಲು ಕಡಿದವರ, ಗಾರೆ ಅರೆದವರ ಬಗ್ಗೆ ನಮ್ಮಲ್ಲಿ ಕೇಳುವವರೇ ಇಲ್ಲ.

ಮಿಷ್ಕಾಲಿನ ಕಂಬಗಳ ಕೆತ್ತನೆಯ ಚಿತ್ರ ತೆಗೆದಿರುವುದಾಗಿ ಬರೆದಿದ್ದೀರಿ. ದಯವಿಟ್ಟು ಕಳುಹಿಸಿಕೊಡಿ, ಅಚ್ಚು ಹಾಕುತ್ತೇವೆ.

— ಸಂಪಾದಕ