ಕರುವಿನ ಕೊಂಬು ಸುಡಿಸುವಾಗ ಡೈಕ್ಲೋಫೆನಾಕ್ ಕೊಡಬಹುದಾ?

ತಿಂಗಳ ಕರುವಿನ ಕೊಂಬಿನ ಮೊಳಕೆ ಸುಡಿಸೋಕೆ ಮೆಡಿಕಲ್‌ನಲ್ಲಿ ಸಿಗೋ ನೋವಿನ ಔಷಧಿ ಡೈಕ್ಲೋಫೆನಾಕ್ ಸಾಕಾ ಅಂತ ಕೇಳಿದ್ದೀರಿ. ಬೇಡವೇ ಬೇಡ. ದನಗಳಿಗೆ ಅದನ್ನು 2006ರಲ್ಲೇ ನಿಷೇಧಿಸಿದ್ದಾರೆ. ಆ ಔಷಧಿ ಉಳಿದಿರೋ ಹೆಣ ತಿಂದ ರಣಹದ್ದು ಕಿಡ್ನಿ ಕೆಟ್ಟು ಸಾಯುತ್ತೆ. ಅದೇ ಥರದ ನೋವಿನ ಔಷಧಿಗಳಾದ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ದನಗಳಿಗೆ 2023ರಲ್ಲಿ ನಿಷೇಧವಾದವು.

ದನದ ಡಾಕ್ಟರ್ ಹತ್ತಿರ ಜೋಮು ಹಿಡಿಸೋ ಲಿಗ್ನೊಕೇನ್ ಜೊತೆಗೆ ನೋವು ತಗ್ಗಿಸೋ ಮೆಲಾಕ್ಸಿಕ್ಯಾಮ್ ಕೂಡ ಕೇಳಿ, ಒಂದೇ ಸಾಲದು. ಲಿಗ್ನೊಕೇನನ್ನು ಕಣ್ಣಿಗೂ ಕೊಂಬಿಗೂ ನಡುವಿನ ನರದ ಹತ್ತಿರ ಕೊಡ್ತಾರೆ, ಆದರೆ ಅದು ಕೆಲವೇ ಗಂಟೆಗೆ ಇಳಿಯುತ್ತೆ. ಅಸಲಿ ಉರಿ ಶುರುವಾಗೋದೇ ಆಮೇಲೆ. ಚುಚ್ಚಿದ ತಕ್ಷಣ ಕಬ್ಬಿಣ ಇಡಬೇಡಿ. ಹತ್ತು ನಿಮಿಷ ಬಿಟ್ಟು ಮೊಳಕೆಯ ಸುತ್ತ ಸೂಜಿಮೊನೆ ತಾಗಿಸಿ. ತಲೆ ಕೊಡವಿದರೆ ಇನ್ನೂ ಜೋಮು ಹಿಡಿದಿಲ್ಲ ಅಂತ.

ನಾವು ಏನೂ ಕೊಡದೆ ಸುಡಿಸಿದ ಮೊದಲ ಕರು ಎರಡು ದಿನ ಕಿವಿ ಬಡೀತಾನೇ ಇತ್ತು. ಎರಡೂ ಔಷಧಿ ಕೊಟ್ಟು ಸುಡಿಸಿದ ಮುಂದಿನದು ಅವತ್ತು ಸಂಜೆಯೇ ಬಕೆಟ್ ಹಾಲು ಖಾಲಿ ಮಾಡಿತು.