‘ಐ ಆ್ಯಮ್ ಬೋರಿಂಗ್’ ಅನ್ನುವ ಮುಂಚೆ

ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಈ ಸಲವೂ ಇಂಗ್ಲಿಷ್ ಗುಣವಾಚಕಗಳ (ಅಡ್ಜೆಕ್ಟಿವ್) ಮೇಲೆಯೇ. ಗುಣವಾಚಕ ಅಂದರೇನು ಎಂದು ಕೇಳಿದವರು ದಯವಿಟ್ಟು ಮನೆಯಲ್ಲಿರುವ ಶಾಲೆ ಮಕ್ಕಳ ವ್ಯಾಕರಣ ಪುಸ್ತಕ ತೆರೆಯಿರಿ. ಉಳಿದವರಲ್ಲಿ ಹೆಚ್ಚಿನವರು ಕೇಳಿರುವುದು ಒಂದೇ ಪ್ರಶ್ನೆ. ಪ್ರತಿ ಬಾರಿ ಎರಡು ಸಾಲಿನಲ್ಲಿ ಉತ್ತರಿಸಿ ಸಾಕಾಗಿದೆ, ಇವತ್ತು ಅದಕ್ಕೇ ಹೆಚ್ಚು ಜಾಗ.

ಪ್ರಶ್ನೆ: ಇಂಟರ್‌ವ್ಯೂನಲ್ಲಿ ‘ಐ ಆ್ಯಮ್ ವೆರಿ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್’ ಅಂದೆ. ಎದುರಿಗಿದ್ದವರು ಮುಸಿಮುಸಿ ನಕ್ಕರು. ‘ಇಂಟರೆಸ್ಟೆಡ್’ ಅನ್ನಬೇಕಿತ್ತಂತೆ. ಆದರೆ ಪದದ ಕೊನೆಗೆ ‘ಇಡಿ’ (-ed) ಬಂದರೆ ಭೂತಕಾಲ ಅಲ್ಲವೇ? ನನ್ನ ಆಸಕ್ತಿ ಈಗಲೂ ಇದೆಯಲ್ಲ?

ಉತ್ತರ: ಕೆಲಸ ಕೇಳಲು ಬಂದವರನ್ನು ನೋಡಿ ನಗುವವರ ಬಗ್ಗೆ ನನಗೆ ಗೌರವವಿಲ್ಲ. ಆದರೂ ನೀವು ಹೇಳಿದ್ದು ‘ನಾನು ಬಹಳ ಸ್ವಾರಸ್ಯದ ಮನುಷ್ಯ’ ಎಂಬಂತಾಯಿತು. ಇರಬಹುದು, ಅವರು ಅದನ್ನು ಕೇಳಿರಲಿಲ್ಲ.

ಈ ತಪ್ಪು ಹುಟ್ಟುವುದು ದಡ್ಡತನದಿಂದಲ್ಲ. ನಾವು ‘ನಂಗೆ ಬೋರ್ ಆಗ್ತಿದೆ’ ಅನ್ನುತ್ತೇವೆ. ಶಾಲೆಯಲ್ಲಿ ‘ಹೋಗ್ತಿದೀನಿ’ ಅಂದರೆ ‘ಐ ಆ್ಯಮ್ ಗೋಯಿಂಗ್’, ‘ತಿಂತಿದೀನಿ’ ಅಂದರೆ ‘ಐ ಆ್ಯಮ್ ಈಟಿಂಗ್’ ಎಂದು ಬಾಯಿಪಾಠ ಮಾಡಿಸಿರುತ್ತಾರೆ. ‘ತಿದೆ’ ಕಂಡಲ್ಲೆಲ್ಲ ‘ಇಂಗ್’ ಅಂಟಿಸುವುದು ಮೈಗೆ ಹತ್ತಿಬಿಡುತ್ತದೆ. ಹಾಗಾಗಿ ‘ಬೋರ್ ಆಗ್ತಿದೆ’ ನೇರವಾಗಿ ‘ಐ ಆ್ಯಮ್ ಬೋರಿಂಗ್’ ಆಗುತ್ತದೆ, ‘ಕನ್ಫ್ಯೂಸ್ ಆಗ್ತಿದೆ’ ‘ಐ ಆ್ಯಮ್ ಕನ್ಫ್ಯೂಸಿಂಗ್’ ಆಗುತ್ತದೆ. ನಮ್ಮ ವಾಕ್ಯದಲ್ಲಿ ಬೋರ್ ಆಗುವವನು ಕರ್ತೃವೇ ಅಲ್ಲ, ‘ನನಗೆ’ ಎಂದು ಚತುರ್ಥಿ ವಿಭಕ್ತಿಯಲ್ಲಿ ತೆಪ್ಪಗೆ ಕೂತಿರುತ್ತಾನೆ. ಇಂಗ್ಲಿಷ್ ಅವನ ಕೈಹಿಡಿದೆಳೆದು ವಾಕ್ಯದ ತಲೆಯಲ್ಲಿ ಕೂರಿಸುತ್ತದೆ. ಗೊಂದಲವೆಲ್ಲ ಈ ಜಾಗ ಬದಲಾವಣೆಯಲ್ಲಿ.

ಇನ್ನು ‘ಇಡಿ ಅಂದರೆ ಭೂತಕಾಲ’ ಎಂಬ ನಂಬಿಕೆ. ಇದನ್ನು ಹಬ್ಬಿಸಿದ ಟ್ಯೂಷನ್ ಮೇಷ್ಟರುಗಳನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ಕೇಳಬೇಕು ಅನಿಸುತ್ತದೆ: ‘ಹೆದರಿದ ಹುಡುಗ ಮೂಲೆಯಲ್ಲಿ ನಿಂತಿದ್ದಾನೆ’ ಅಂದಾಗ ಹೆದರಿಕೆ ನಿನ್ನೆಯದೋ? ಅವನಿನ್ನೂ ನಡುಗುತ್ತಿದ್ದಾನಲ್ಲ! ‘ಹೆದರಿದ’ ಎಂಬುದರ ರೂಪ ಭೂತಕಾಲದ್ದು, ಅದು ಹೇಳುತ್ತಿರುವುದು ಹುಡುಗನ ಈಗಿನ ಸ್ಥಿತಿ. ‘ಫ್ರೈಟನ್ಡ್’, ‘ಬೋರ್ಡ್’, ‘ಇಂಟರೆಸ್ಟೆಡ್’ ಕೂಡ ಹಾಗೆಯೇ. (‘ಬೋರ್ಡ್’ ಅಂದಾಗ ಕಪ್ಪು ಹಲಗೆ ನೆನಪಾದರೆ ನಿಮ್ಮ ಕಿವಿಯ ತಪ್ಪಲ್ಲ, ಉಚ್ಚಾರ ಒಂದೇ.)

ನನಗೆ ಸಿಟ್ಟು ಬರುವುದು ಇಲ್ಲಿ. ಈ ಜೋಡಿ ಕನ್ನಡದಲ್ಲೇ ಇದೆ, ಯಾರೂ ತೋರಿಸುವುದಿಲ್ಲ. ಹೆದರಿದ ಹುಡುಗ, ಹೆದರಿಸುವ ನಾಯಿ. ದಣಿದ ಆಳು, ದಣಿಸುವ ಕೆಲಸ. ನಿರಾಸೆಗೊಂಡ ಪ್ರೇಕ್ಷಕ, ನಿರಾಸೆಗೊಳಿಸಿದ ಸಿನಿಮಾ. ನಮ್ಮ ‘ಇಸು’ ಮಾಡುವ ಕೆಲಸವನ್ನು ಅಲ್ಲಿ ‘ಇಂಗ್’ ಮಾಡುತ್ತದೆ. ‘ಟೈರ್ಡ್’ ಆಳು, ‘ಟೈರಿಂಗ್’ ಕೆಲಸ. ‘ದಣಿಸುವ ಆಳು’ ಎಂದು ನೀವು ಕನಸಿನಲ್ಲೂ ಅನ್ನುವುದಿಲ್ಲ. ಆ ಎಚ್ಚರವನ್ನು ಇಂಗ್ಲಿಷಿಗೆ ದಾಟುವಾಗ ಗಡಿಯಲ್ಲೇ ಯಾಕೆ ಬಿಟ್ಟುಹೋಗುತ್ತೀರಿ?

ಬಾಯಿ ತೆರೆಯುವ ಮುಂಚೆ ಆ ಭಾವನೆ ‘ಯಾರಿಗೆ’ ಎಂದು ಕೇಳಿಕೊಳ್ಳಿ. ‘ಗೆ’ ಹತ್ತುವವರಿಗೆ ‘ಇಡಿ’, ಆ ಭಾವನೆ ಹುಟ್ಟಿಸಿದ್ದಕ್ಕೆ ‘ಇಂಗ್’. ಮನುಷ್ಯರಿಗೆ ಇಡಿ, ವಸ್ತುಗಳಿಗೆ ಇಂಗ್ ಎಂದು ಕೆಲವರು ಸುಲಭ ಸೂತ್ರ ಕೊಡುತ್ತಾರೆ. ನಂಬಬೇಡಿ. ಎರಡು ಗಂಟೆ ಮೈಕ್ ಬಿಡದ ಸನ್ಮಾನ್ಯರೂ ಮನುಷ್ಯರೇ, ಅವರು ಖಂಡಿತ ‘ಬೋರಿಂಗ್’.

ಎಲ್ಲ ಪದಗಳಿಗೂ ‘ಇಂಗ್’ ಜೋಡಿ ಸಿಗುವುದಿಲ್ಲ ಎಂಬುದು ನೆನಪಿರಲಿ. ‘ಡಿಲೈಟೆಡ್’ಗೆ ಜೋಡಿ ‘ಡಿಲೈಟ್‌ಫುಲ್’, ‘ಸ್ಟ್ರೆಸ್ಡ್’ಗೆ ‘ಸ್ಟ್ರೆಸ್‌ಫುಲ್’, ‘ಇಂಪ್ರೆಸ್ಡ್’ಗೆ ‘ಇಂಪ್ರೆಸಿವ್’, ‘ಸ್ಕೇರ್ಡ್’ಗೆ ‘ಸ್ಕೇರಿ’. ಇವಕ್ಕೆ ಸೂತ್ರವಿಲ್ಲ, ಓದಿ ಓದಿಯೇ ಬರಬೇಕು. ಜೊತೆಗೆ ಬರುವ ಪುಟ್ಟ ಪದಗಳೂ ಹಾಗೆಯೇ: ‘ಇಂಟರೆಸ್ಟೆಡ್’ಗೆ ‘ಇನ್’, ‘ಟೈರ್ಡ್’ಗೆ ಸಾಮಾನ್ಯವಾಗಿ ‘ಆಫ್’ (of), ‘ಬೋರ್ಡ್’ಗೆ ‘ವಿತ್’. ‘ಬೋರ್ಡ್ ಆಫ್’ ಈಗ ಎಲ್ಲೆಲ್ಲೂ ಕೇಳಿಸುತ್ತದೆ, ತಪ್ಪೆಂದು ನಾನು ಜಗಳವಾಡುವುದಿಲ್ಲ. ಪರೀಕ್ಷೆಯಲ್ಲಿ ಮಾತ್ರ ಬರೆಯಬೇಡಿ, ಮೌಲ್ಯಮಾಪಕರು ನನಗಿಂತ ಹಳಬರಿರಬಹುದು.

ಪ್ರಶ್ನೆ: ‘ವೆರಿ ಟೈರ್ಡ್ ಅನ್ನಬೇಡಿ, ಎಗ್ಸಾಸ್ಟೆಡ್ ಅನ್ನಿ’ ಎಂಬಂಥ ನೂರು ಪದಗಳ ಪಟ್ಟಿ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ದಿನಕ್ಕೆ ಹತ್ತರಂತೆ ಕಲಿಯಲೇ?

ಉತ್ತರ: ಅಳಿಸಿಹಾಕಿ. ಅಂಥದೊಂದು ಪಟ್ಟಿಯಲ್ಲಿ ‘ವೆರಿ ಓಲ್ಡ್’ ಬದಲು ‘ಏನ್ಷಿಯಂಟ್’ ಎಂದಿತ್ತು. ಅದನ್ನು ನಂಬಿದ ವಿದ್ಯಾರ್ಥಿಯೊಬ್ಬಳು ರಜೆ ಅರ್ಜಿಯಲ್ಲಿ ‘ಮೈ ಏನ್ಷಿಯಂಟ್ ಗ್ರ್ಯಾಂಡ್‌ಮದರ್’ ಎಂದು ಬರೆದುಕೊಟ್ಟಳು. ಪಾಪ, ಅಜ್ಜಿ ಹಂಪಿಯ ಶಾಸನದ ಸಾಲಿಗೆ ಸೇರಿಹೋದರು. ‘ವೆರಿ ಥಿನ್’ ಬದಲು ‘ಸ್ಕಿನ್ನಿ’ ಅಂದರೆ ಕೆಲವರಿಗೆ ಬೈದಂತೆ ಕೇಳಿಸುತ್ತದೆ. ‘ವೆರಿ’ ಬಳಸಿದರೆ ಆಕಾಶವೇನೂ ಬೀಳುವುದಿಲ್ಲ. ‘ಮೂವತ್ತು ದಿನದಲ್ಲಿ ಇಂಗ್ಲಿಷ್’ ಎಂದು ಗೋಡೆಗೆ ಅಂಟಿಸುವವರ ಹತ್ತಿರವೂ ಇವೇ ಪಟ್ಟಿಗಳಿರುತ್ತವೆ, ಫೀಸು ಮಾತ್ರ ಬೇರೆ.

ಪ್ರಶ್ನೆ: ‘ನೈಸ್’ ಪದಕ್ಕೆ ಮೂಲದಲ್ಲಿ ದಡ್ಡ ಎಂಬ ಅರ್ಥವಿತ್ತಂತೆ. ಯಾರನ್ನಾದರೂ ‘ನೈಸ್’ ಅನ್ನುವುದು ಅವಮಾನವೇ?

ಉತ್ತರ: ಅರ್ಥ ಹಾಗಿತ್ತು ಎಂಬುದು ನಿಜ. ಲ್ಯಾಟಿನ್ನಿನ ‘ತಿಳಿಯದವನು’ ಎಂಬರ್ಥದ ಪದ ಫ್ರೆಂಚ್ ಹಾದಿಯಲ್ಲಿ ಇಂಗ್ಲಿಷಿಗೆ ಬಂದದ್ದು. ಆದರೆ ಅದು ಏಳು ಶತಮಾನದ ಹಿಂದಿನ ಮಾತು. ಹಳಗನ್ನಡದಲ್ಲಿ ‘ನಾಱು’ ಅಂದರೆ ಪರಿಮಳ ಬೀರುವುದೂ ಆಗಿತ್ತು. ಆ ಧೈರ್ಯದ ಮೇಲೆ ಬೀಗತಿಗೆ ‘ನಿಮ್ಮ ಸೀರೆ ನಾರುತ್ತಿದೆ’ ಎಂದು ಹೇಳಿ ನೋಡಿ.

ಪ್ರಶ್ನೆ: ‘ಮೋರ್ ಬೆಟರ್’ ಸರಿಯೇ?

ಉತ್ತರ: ಅಲ್ಲ. ಒತ್ತು ಬೇಕಿದ್ದರೆ ‘ಮಚ್ ಬೆಟರ್’.

ಪ್ರಶ್ನೆ: ‘ಸೀನಿಯರ್ ದ್ಯಾನ್ ಮೀ’ ಅಥವಾ ‘ಸೀನಿಯರ್ ಟು ಮೀ’?

ಉತ್ತರ: ‘ಟು’. ಕಾಲೇಜಿನಲ್ಲಿ ‘ಅವ್ರು ನಂಗೆ ಸೀನಿಯರ್ರು’ ಅನ್ನುತ್ತಿದ್ದಿರಲ್ಲ, ಆ ‘ಗೆ’ಯನ್ನೇ ‘ಟು’ ಮಾಡಿ. ‘ಜೂನಿಯರ್’, ‘ಸುಪೀರಿಯರ್’, ‘ಇನ್‌ಫೀರಿಯರ್’ಗೂ ಇದೇ.

ಪ್ರಶ್ನೆ: ಗಾತ್ರ, ವಯಸ್ಸು, ಬಣ್ಣ, ಊರು ಎಂದು ಗುಣವಾಚಕಗಳನ್ನು ಜೋಡಿಸುವ ಕ್ರಮ ಬಾಯಿಪಾಠ ಮಾಡಬೇಕೇ?

ಉತ್ತರ: ಬೇಡ. ಒಂದು ನಾಮಪದದ ಬೆನ್ನಿಗೆ ಎರಡಕ್ಕಿಂತ ಹೆಚ್ಚು ಹೊರಿಸಬೇಡಿ, ಆ ಪಟ್ಟಿಯ ಅಗತ್ಯವೇ ಬೀಳುವುದಿಲ್ಲ.

ಪ್ರಶ್ನೆ: ಮಗಳ ಮ್ಯಾಟ್ರಿಮೊನಿ ಪ್ರೊಫೈಲಿನಲ್ಲಿ ‘ಹೋಮ್ಲಿ’ ಎಂದು ಹಾಕಿದ್ದೇವೆ. ಅಮೆರಿಕದಲ್ಲಿರುವ ಸೋದರಳಿಯ ತೆಗೆಯಿರಿ ಎಂದು ಹಟ ಹಿಡಿದಿದ್ದಾನೆ. ಮನೆವಾರ್ತೆ ಬಲ್ಲ ಹುಡುಗಿ ಅಂದರೆ ತಪ್ಪೇನು?

ಉತ್ತರ: ನಿಮ್ಮ ಅರ್ಥ ನಮ್ಮ ದೇಶದ ಜಾಹೀರಾತುಗಳಲ್ಲಿ ಸರಿಯೇ. ಬ್ರಿಟಿಷರು ಆ ಪದವನ್ನು ಬೆಚ್ಚಗಿನ, ಆಡಂಬರವಿಲ್ಲದ ಮನೆಗೋ ಊಟಕ್ಕೋ ಬಳಸುತ್ತಾರೆ. ಅಮೆರಿಕದಲ್ಲಿ ಒಬ್ಬರನ್ನು ‘ಹೋಮ್ಲಿ’ ಅಂದರೆ ನೋಡಲು ಅಷ್ಟಕ್ಕಷ್ಟೇ ಎಂದರ್ಥ. ಸೋದರಳಿಯನ ಮಾತು ಕೇಳಿ, ಇವತ್ತೇ ತೆಗೆಯಿರಿ. ಮಗಳನ್ನು ಕೇಳದೇ ಹಾಕಿದ್ದರೆ ಆ ಪ್ರೊಫೈಲಿನ ಉಳಿದ ಗುಣವಾಚಕಗಳನ್ನೂ ಒಮ್ಮೆ ಅವಳಿಗೆ ತೋರಿಸಿ.